ಉಕ್ಕನ್ನುಣ್ಣುವ ದ್ರವ

ಸುಮಾರು 1,400 ಡಿಗ್ರಿಗೂ ಮೀರಿದ ಶಾಖಕ್ಕೆ ಮಾತ್ರ ಕರಗುವ ಉಕ್ಕು, 660 ಡಿಗ್ರಿಗೇ ದ್ರವವಾಗುವ ಅಲ್ಯುಮಿನಿಯಮ್ಮಿನ ಕೈಯಲ್ಲಿ ಸವೆಯುವುದೆಂದರೆ ಮೊದಲ ಕೇಳ್ವಿಗೆ ಅಸಂಗತವೆನಿಸುವುದು ಸಹಜ. ಆದರೆ ಎರಕದ ಮನೆಗಳನ್ನು ಸುತ್ತುವ ಚಪಲವುಳ್ಳ ನಾನು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ದುರಸ್ತಿಗೆಂದು ಬಿಚ್ಚಿಟ್ಟಿದ್ದ ಡೈ, ಎಂದರೆ ಉಕ್ಕಿನ ಅಚ್ಚು, ಒಂದರ ಪಿನ್ನನ್ನು ಬೆರಳಿನಿಂದ ಸವರಿ ನೋಡಿದಂದಿನಿಂದ ಆ ಸಂಶಯವನ್ನು ಬಿಟ್ಟಿದ್ದೇನೆ. ದ್ರವಲೋಹ ಅಚ್ಚಿನೊಳಕ್ಕೆ ನುಗ್ಗುವ ಕಿಂಡಿಯಾದ ಗೇಟಿನ ಇದಿರಿಗಿದ್ದ ಆ ಪಿನ್ನು ಇಲಿ ಕಡಿದ ಕಬ್ಬಿನಂತೆ ಒಂದೇ ಮಗ್ಗುಲಲ್ಲಿ ಕ್ಷಯಿಸಿತ್ತು. ಉಳಿದ ಮೈಗೆ ಬೆಳ್ಳನೆಯ ಲೋಹ ಮೆತ್ತಿಕೊಂಡಿತ್ತು. “ಮೆಟಲ್ ಹಿಡ್ಕೊಂಡಿದೆ ಸಾರ್” ಎಂದರು ಮೇಸ್ತ್ರಿ.

ಬೆಲ್ಲವು ನೀರಿನಲ್ಲಿ ಕರಗುವುದಕ್ಕೆ ಅದನ್ನು ಪಾಕವಾಗುವಂತೆ ಕಾಯಿಸಬೇಕಿಲ್ಲವಷ್ಟೆ? ಇಲ್ಲಿಯೂ ಅದೇ ನ್ಯಾಯ. ದ್ರವ ಅಲ್ಯುಮಿನಿಯಮ್ಮಿಗೆ ಕಬ್ಬಿಣದ ಹಸಿವು ವಿಪರೀತ. ಸೆಕೆಂಡಿಗೆ 30ರಿಂದ 50 ಮೀಟರ್ ವೇಗದಲ್ಲಿ ಗೇಟಿನಿಂದ ನುಗ್ಗುವ ಧಾರೆಯು ಅಚ್ಚಿನ ಮೇಲೆ ಸಿಂಪಡಿಸಿದ ಎಣ್ಣೆಯ ಪೊರೆಯನ್ನು ಹರಿದೊಡನೆಯೇ ಎರಡು ಲೋಹಗಳೂ ಕೂಡಿ, ಗಡುಸಾದರೂ ಪೆಡಸಾದ ಒಂದು ಸಂಯುಕ್ತದ ಪದರ ಹುಟ್ಟುತ್ತದೆ. ಅದಕ್ಕೆ ಎರಕವು ಅಂಟಿ, ಕಿತ್ತಾಗ ಉಕ್ಕಿನ ಒಂದಿಷ್ಟು ಮೈಯೂ ಅದರೊಡನೆ ಹೋಗುತ್ತದೆ. ಸತುವಿನ ಎರಕದಲ್ಲಿ ದ್ರವದೊಳಗೇ ಮುಳುಗಿರುವ ಪಂಪು ಅಲ್ಯುಮಿನಿಯಮ್ಮಿನ ಯಂತ್ರದಲ್ಲಿ ಇಲ್ಲದಿರುವುದಕ್ಕೂ, ಪ್ರತಿ ಸಲವೂ ಸೌಟಿನಿಂದ ಮೊಗೆದು ಹೊಯ್ಯುವುದಕ್ಕೂ ಈ ಹಸಿವೇ ಕಾರಣ.

ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ನೈಟ್ರೈಡಿಂಗ್, ಕ್ರೋಮಿಯಂ ನೈಟ್ರೈಡಿನ ಲೇಪನ ಮೊದಲಾದವನ್ನು ನಾನು ಗೌರವಿಸುತ್ತೇನೆ. ಮೆಚ್ಚುವುದು ಮಾತ್ರ ಮತ್ತೊಂದನ್ನು. ಅಲ್ಯುಮಿನಿಯಮ್ಮಿನಲ್ಲಿ ಕಬ್ಬಿಣವು ಸಾಮಾನ್ಯವಾಗಿ ಕಲ್ಮಷ. ಸೂಜಿಯಂಥ ಹರಳುಗಳಾಗಿ ಕೂತು ಎರಕವನ್ನು ಪೆಡಸಾಗಿಸುವ ದೋಷ ಅದರದು. ಆದರೂ ಡೈ ಎರಕದ ಮಿಶ್ರಲೋಹಗಳಲ್ಲಿ ಅದನ್ನು ಶೇಕಡ 1ರ ಆಸುಪಾಸಿನಲ್ಲಿ ಬೇಕೆಂದೇ ಉಳಿಸಿಕೊಳ್ಳುತ್ತಾರೆ: ಮನೆಯಲ್ಲಿಯೇ ಉಂಡು ಹೊರಟ ಅತಿಥಿಯು ಪರರ ಎಲೆಯತ್ತ ಅಷ್ಟಾಗಿ ಕಣ್ಣು ಹಾಯಿಸುವುದಿಲ್ಲ. ಪೆಡಸುತನವನ್ನು ಸಹಿಸಲಾರದ ಭಾಗಗಳಿಗಾದರೆ ಕಬ್ಬಿಣವನ್ನು ತಗ್ಗಿಸಿ ಮ್ಯಾಂಗನೀಸಿನಿಂದ ಆ ಕೆಲಸ ಮಾಡಿಸುವುದುಂಟು. ಅಚ್ಚಿನ ಆಯುಷ್ಯಕ್ಕೂ ಎರಕದ ಗುಣಕ್ಕೂ ನಡುವಣ ಈ ಚೌಕಾಸಿಯಲ್ಲಿ, ಅಚ್ಚಿಗೆ ಹಣ ಹಾಕಿದವನ ಮಾತೇ ಹೆಚ್ಚು ನಡೆಯುವುದೆಂಬುದು ನನ್ನ ಗುಮಾನಿ.

ಮೇಸ್ತ್ರಿಯವರು ಆ ಪಿನ್ನನ್ನು ಕಾಸ್ಟಿಕ್ ಸೋಡಾದ ಬಿಸಿನೀರಿನಲ್ಲಿ ಇಳಿಬಿಟ್ಟರು. ಕ್ಷಾರವು ಅಲ್ಯುಮಿನಿಯಮ್ಮನ್ನು ಮಾತ್ರ ತಿನ್ನುವುದು, ಉಕ್ಕಿನ ಗೊಡವೆಗೆ ಹೋಗದು. ಗುಳ್ಳೆಗಳು ಬುಸುಗುಟ್ಟಿ ಎದ್ದು, ಕ್ರಮೇಣ ಅಡಗಿದವು. ಮೇಲಕ್ಕೆತ್ತಿದಾಗ, ಅಷ್ಟು ಹೊತ್ತೂ ಬೆಳ್ಳಿಯ ಮುಸುಕಿನಲ್ಲಿದ್ದ ಗುಳಿಗಳೆಲ್ಲವೂ ಕಪ್ಪಗೆ ಬಾಯ್ದೆರೆದಿದ್ದವು.