‘ಶರಪಂಜರ’: ಗುಣವಾದ ಮೇಲಿನ ಪ್ರಶ್ನೆ

ಕನ್ನಡದಲ್ಲಿ ಮನೋವೈಜ್ಞಾನಿಕ ಕಾದಂಬರಿಗೆ ಭದ್ರ ನೆಲೆ ಒದಗಿಸಿದವರಲ್ಲಿ ತ್ರಿವೇಣಿ (1928–1963) ಪ್ರಮುಖರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸಿದ ಈ ಲೇಖಕಿಗೆ ಮನೋರೋಗವು ಕಥೆಗೆ ತಿರುವು ಕೊಡುವ ಉಪಾಯ ಮಾತ್ರವಾಗಿರಲಿಲ್ಲ. ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನೋರೋಗಕ್ಕೆ ಒಳಗಾಗಿ, ಚಿಕಿತ್ಸೆ ಪಡೆದು, ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಕೃತಿಯ ನಿಜವಾದ ದುರಂತ ಆರಂಭವಾಗುವುದು ಆಮೇಲೆ. ಅವಳ ಸಹಜ ವರ್ತನೆಯೂ ಸುತ್ತಲಿನವರ ಕಣ್ಣಿಗೆ ಹಳೆಯ ಕಾಯಿಲೆಯಾಗಿಯೇ ಕಾಣುತ್ತದೆ. ಪುಟ್ಟಣ್ಣ ಕಣಗಾಲರು ಇದನ್ನು ಚಲನಚಿತ್ರವಾಗಿಸಿದರು.

ಸ್ತ್ರೀಯ ದುರಂತವಾಗಿ ಕೃತಿಯನ್ನು ಓದುವುದು ಯುಕ್ತವೇ. ಆದರೆ ಚಿಕಿತ್ಸೆ ಬೇರೆ, ಸ್ವೀಕಾರ ಬೇರೆ ಎಂಬ ಅದರ ವಿವೇಕ ಕುಟುಂಬದ ಹೊಸ್ತಿಲಿಗೆ ಸೀಮಿತವಲ್ಲ. ಇಂದಿನ ವಿಶ್ವವಿದ್ಯಾಲಯಕ್ಕೂ ಅನ್ವಯಿಸುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸ್ವಲೀನತೆ, ನಿರ್ದಿಷ್ಟ ಕಲಿಕಾ ನ್ಯೂನತೆ ಹಾಗೂ ಮನೋರೋಗಗಳನ್ನು ತನ್ನ ವ್ಯಾಪ್ತಿಗೆ ತಂದುಕೊಂಡಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸ್ಥಾನಗಳನ್ನು ಮೀಸಲಿರಿಸಿತು. ಆದರೆ ಈ ಮೀಸಲಾತಿಗೆ ಶೇ. 40ರಷ್ಟಾದರೂ ನ್ಯೂನತೆಯ ಪ್ರಮಾಣಪತ್ರ ಅಗತ್ಯ. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರಲ್ಲಿ ಒಬ್ಬರಾದರೂ ಇರಬೇಕೆಂದು ನಿರ್ದೇಶಿಸಿತು. ಇವು ಅವಶ್ಯ ಕ್ರಮಗಳು. ಆದರೆ ಸಮಾಲೋಚನೆ ಮುಗಿಸಿ ತರಗತಿಗೆ ಮರಳುವ ವಿದ್ಯಾರ್ಥಿಯನ್ನು ಅಧ್ಯಾಪಕರೂ ಸಹಪಾಠಿಗಳೂ ಯಾವ ದೃಷ್ಟಿಯಿಂದ ಕಾಣುತ್ತಾರೆ ಎಂಬುದನ್ನು ಯಾವ ಆದೇಶವೂ ನಿರ್ಧರಿಸಲಾರದು. ಕಾವೇರಿಗೆ ಎದುರಾದ ಪ್ರಶ್ನೆಯೂ ಇದೇ.

ಕಾದಂಬರಿಯ ಮಿತಿಯನ್ನೂ ಇಲ್ಲಿಯೇ ಗುರುತಿಸಬೇಕು. ಕಾವೇರಿಯ ಪರವಾಗಿ ಕೃತಿ ಮಂಡಿಸುವ ವಾದ ‘ಅವಳು ಗುಣಮುಖಳು’ ಎಂಬುದನ್ನು ಅವಲಂಬಿಸಿದೆ. ಸ್ವಲೀನತೆಯಾಗಲಿ ಡಿಸ್ಲೆಕ್ಸಿಯಾ ಆಗಲಿ ವಾಸಿಯಾಗಬೇಕಾದ ಕಾಯಿಲೆಯಲ್ಲ. ಅದು ಮನಸ್ಸಿನ ಭಿನ್ನ ರಚನೆ. ಅಲ್ಲಿ ಗುಣವಾಗುವಿಕೆಯನ್ನು ಸ್ವೀಕಾರದ ಷರತ್ತಾಗಿಸಲು ಬರುವುದಿಲ್ಲ; ಪರೀಕ್ಷೆ, ಪಾಠಕ್ರಮ, ಕಾಲಾವಕಾಶಗಳೇ ಬದಲಾಗಬೇಕು.

ವೃಷಭಾವತಿಯ ನೀರು ಬೆಂಗಳೂರಿನಿಂದ ಬಂದು ಸೇರುವ ಬೈರಮಂಗಲದಂಥ ಊರಿನಿಂದ ಅದೇ ನಗರದ ವಿಶ್ವವಿದ್ಯಾಲಯಕ್ಕೆ ಹೊರಡುವ, ಕನ್ನಡ ಮಾಧ್ಯಮದಲ್ಲಿ ಕಲಿತ ವಿದ್ಯಾರ್ಥಿಯ ವಿಷಯದಲ್ಲಿ ಸಮಸ್ಯೆ ಇನ್ನೂ ಜಟಿಲ. ಅವನ ಓದಿನ ತೊಡಕನ್ನು ಇಂಗ್ಲಿಷಿನ ಕೊರತೆಯೆಂದೋ ಸೋಮಾರಿತನವೆಂದೋ ಬಗೆಯುವುದು ಸುಲಭ. ಹಾಗಾದಾಗ ತೊಡಕಿಗೆ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ಪ್ರಮಾಣಪತ್ರವಿಲ್ಲ, ಅದಿಲ್ಲದೆ ಕಾನೂನಿನ ಸವಲತ್ತೂ ಇಲ್ಲ. ಕಾವೇರಿಯನ್ನು ಪೀಡಿಸಿದ್ದು ಅಂಟಿಕೊಂಡ ಹೆಸರು, ಇವನನ್ನು ಪೀಡಿಸುವುದು ಸಿಗದ ಹೆಸರು. ‘ಶರಪಂಜರ’ವನ್ನು ಪಠ್ಯವಾಗಿ ಬೋಧಿಸುವ ವಿಭಾಗಗಳು ಕರುಣೆಯ ಕಥೆಯನ್ನಾಗಿ ಮಾತ್ರ ಅದನ್ನು ವಿವರಿಸದೆ, ತಮ್ಮ ತರಗತಿಯನ್ನೇ ಪರಿಶೀಲಿಸಿಕೊಳ್ಳುವ ಮಾನದಂಡವಾಗಿ ಬಳಸಿದಲ್ಲಿ ಆ ಕೃತಿಯ ಸಾಮಾಜಿಕ ಅರ್ಥ ಪೂರ್ಣಗೊಳ್ಳುತ್ತದೆ.