ಮುಗಿಯುವ ಆಟದ ಸೊಗಸು

ತೊಂಬತ್ತರ ದಶಕದಲ್ಲಿ ಕೆ.ಆರ್. ಪೇಟೆಯ ಗೆಳೆಯನೊಬ್ಬನ ಮನೆಗೆ ಟಿ.ವಿ.ಗೆ ಸಿಕ್ಕಿಸುವ ವಿಡಿಯೋ ಗೇಮ್ ಬಂತು. ಅದರಲ್ಲಿ ನಮ್ಮಿಬ್ಬರನ್ನು ಹಿಡಿದು ಕೂರಿಸಿದ್ದು ‘ಕಾಂಟ್ರಾ’. ಎಂಟು ಹಂತ, ಮೂರು ಜೀವ. ಕೈ ಪಳಗಿದರೆ ಅರ್ಧ ಗಂಟೆಯ ಆಟ. ಆಡಿದ್ದನ್ನು ಅರ್ಧಕ್ಕೆ ಉಳಿಸಿಡುವಂತಿರಲಿಲ್ಲ. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಅದನ್ನು ಆಗ ಕೊರತೆ ಎಂದುಕೊಂಡಿದ್ದೆ. ನಲವತ್ತು ದಾಟಿದ ಮೇಲೆ ಅದರ ಗುಣ ಕಾಣುತ್ತಿದೆ.

ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗುವ ಬಸ್ಸಿನಲ್ಲಿ ಹುಡುಗರ ಮೊಬೈಲುಗಳನ್ನು ನೋಡುತ್ತಿರುತ್ತೇನೆ. ಚಿತ್ರ, ಸದ್ದು ಎಲ್ಲ ಬೆರಗಿನದೇ. ಆದರೆ ಆ ಆಟಗಳಲ್ಲಿ ಹಲವಕ್ಕೆ ಕೊನೆಯೇ ಇಲ್ಲ. ಇಂದಿನ ಬಹುಮಾನ ತಪ್ಪೀತೆಂಬ ಭಯ, ನಾಳೆ ಹೊಸ ಉಡುಪಿನ ಆಸೆ. ಆಡುವವನು ಎದ್ದು ಹೋಗದಂತೆ ನೋಡಿಕೊಳ್ಳುವುದೇ ಅವುಗಳ ಕಸುಬು. ಸಣ್ಣಕಥೆ ಬರೆಯುವವನಾಗಿ ನನಗೆ ಇದು ಒಪ್ಪುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ ಕಥೆ ಕಥೆಯಾಗದು.

ಚಿಕ್ಕ ಆಟದಲ್ಲೂ ಮೋಸವಿಲ್ಲವೇ? ಇದೆ. ಪ್ರೇಮಚಂದರ ‘ಶತರಂಜ್ ಕೆ ಖಿಲಾಡಿ’ (1924) ಕಥೆಯಲ್ಲಿ ಇಬ್ಬರು ನವಾಬಿ ಗೆಳೆಯರು ಚದುರಂಗದಲ್ಲಿ ಮುಳುಗಿರುವಾಗಲೇ ಅವಧ್ ಕಂಪನಿಯ ಪಾಲಾಗುತ್ತದೆ. ಚದುರಂಗ ಮುಗಿಯುವ ಆಟವೇ, ಮುಗಿಸದವರು ಅವರು. ಹಾಗಾಗಿ ಹಳೆಯದೆಲ್ಲ ಒಳ್ಳೆಯದೆಂದು ನಾನು ವಾದಿಸಲಾರೆ. ಆದರೂ ಒಂದು ವ್ಯತ್ಯಾಸವಿದೆ: ಮುಗಿಯುವ ಆಟ ಕೊನೆಗೆ ‘ಇನ್ನೊಂದು ಬೇಕೇ?’ ಎಂದು ಕೇಳಿ ಸುಮ್ಮನಾಗುತ್ತದೆ. ಉತ್ತರ ನಮಗೆ ಬಿಟ್ಟದ್ದು.

ಕಾಂಟ್ರಾದ ಮೂರನೆಯ ಹಂತ ಜಲಪಾತ. ಇಬ್ಬರು ಬಂಡೆಯಿಂದ ಬಂಡೆಗೆ ಹಾರುತ್ತ ಮೇಲೇರಬೇಕು. ಮುಂದಿನವನು ಅವಸರ ಮಾಡಿದರೆ ಪರದೆಯೂ ಅವನ ಜೊತೆ ಮೇಲೇರುತ್ತದೆ, ಕೆಳಗುಳಿದವನು ಸಾಯುತ್ತಾನೆ. ವೈರಿಯ ಗುಂಡಲ್ಲ, ಜೊತೆಗಾರನ ಅವಸರವೇ ಕೊಲ್ಲುತ್ತದೆ. ಅಂದು ನನ್ನ ಗೆಳೆಯನನ್ನು ಹೀಗೆ ಎಷ್ಟು ಸಲ ಕೊಂದೆನೋ! ನಗುತ್ತಿದ್ದೆ.

ಈಚೆಗೆ ಮಗನ ಜೊತೆ ಅದನ್ನೇ ಆಡಿದೆ. ಕನ್ನಡಕ ಹಾಕಿದರೂ ಬಂಡೆ ಸರಿಯಾಗಿ ಕಾಣದು, ಬೆರಳು ತಡವಾಗಿ ಓಡುತ್ತದೆ. ಎರಡು ಸಲ ಪರದೆಯ ಕೆಳಗೆ ಬಿದ್ದು ಸತ್ತೆ. ಮೂರನೆಯ ಸಲ ಅವನು ಮೇಲಿನ ಬಂಡೆಯಲ್ಲಿ ನಿಂತುಬಿಟ್ಟ.

“ನಿಧಾನವಾಗಿ ಬನ್ನಿ ಅಬ್ಬಾ, ನಿಂತಿದ್ದೀನಿ.”

ನಾವು ಆ ಹಂತ ದಾಟಿದೆವು, ಮುಂದಿನದರಲ್ಲಿ ಸೋತೆವು. ಅಷ್ಟರಲ್ಲಿ ಇಷಾ ಅಜಾನ್ ಕೇಳಿಸಿತು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ, ಟಿ.ವಿ. ಆರಿಸಿ ಎದ್ದೆವು.