ಕಸದಿಂದ ರಸ: ರಸದ ಮಾತು ಎಲ್ಲಿ ಹೋಯಿತು?

‘ಕಸದಿಂದ ರಸ’ ಎಂಬ ಮಾತನ್ನು ಒಮ್ಮೆಯೂ ಕೇಳದೆ ಶಾಲೆ ಮುಗಿಸಿದವರು ನಮ್ಮ ರಾಜ್ಯದಲ್ಲಿ ವಿರಳ. ವಾರ್ಷಿಕೋತ್ಸವದ ದಿನ ಒಂದು ಕೊಠಡಿಯ ಬೆಂಚುಗಳನ್ನು ಜೋಡಿಸಿ, ಮೇಲೆ ಹಳೆಯ ಸೀರೆ ಹಾಸಿ, ಮಕ್ಕಳು ಮಾಡಿದ ಹೂದಾನಿ, ಪೆನ್ ಸ್ಟ್ಯಾಂಡ್, ಗೋಡೆಗೆ ತೂಗುಹಾಕುವ ಹೂವಿನ ಸರ ಇಟ್ಟಿರುತ್ತಾರೆ. ನಮ್ಮ ಮೇಗುಂದ ಹೋಬಳಿಯ ಶಾಲೆಗಳಲ್ಲೂ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮಹಿಳಾ ಮಂಡಳಿಗಳಲ್ಲೂ ಇಂಥ ಮೇಜುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೋಡಿದವರೆಲ್ಲ ‘ಚೆಂದ ಉಂಟು’ ಎಂದು ಹೇಳಿ ಮುಂದೆ ಹೋಗುತ್ತಾರೆ. ಕವಿತೆಯೊಂದರ ಬಗ್ಗೆ ಯಾರಾದರೂ ಇಷ್ಟೇ ಹೇಳಿ ಹೋದರೆ ನಾವು ಅದನ್ನು ವಿಮರ್ಶೆ ಎನ್ನುವುದಿಲ್ಲ. ಕೈಕೆಲಸದ ವಿಷಯದಲ್ಲಿ ಮಾತ್ರ ಅಷ್ಟಕ್ಕೇ ಏಕೆ ತೃಪ್ತರಾಗುತ್ತೇವೆ?

‘ರಸ’ ಎಂಬುದು ಕಾವ್ಯಮೀಮಾಂಸೆಯ ಪದವೂ ಹೌದು. ಆ ಪದವನ್ನು ಘೋಷಣೆಯಲ್ಲಿ ಬಳಸಿದ ಮೇಲೆ ಅದರ ಲೆಕ್ಕವನ್ನೂ ಕೇಳಬೇಕಾಗುತ್ತದೆ. ಈ ವಸ್ತುಗಳಲ್ಲಿ ರಸ ಇದೆಯೇ, ಇದ್ದರೆ ಎಲ್ಲಿದೆ ಎಂಬುದು ಈ ಬರಹದ ಪ್ರಶ್ನೆ.

ಮೊದಲು ಮೇಜಿನ ಮೇಲಿರುವುದನ್ನು ನೋಡೋಣ. ಐಸ್‌ಕ್ರೀಂ ಕಡ್ಡಿಯ ಮನೆ ಇರುತ್ತದೆ. ಅದರ ಕಡ್ಡಿಗಳನ್ನು ಯಾರೂ ತಿಂದು ಎಸೆದದ್ದಲ್ಲ, ಸ್ಟೇಷನರಿ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುವ ಹೊಸ ಕಡ್ಡಿಗಳು. ಥರ್ಮಾಕೋಲಿನ ಮಂಟಪ ಇರುತ್ತದೆ, ಹಾಳೆಯೂ ಹೊಸದು, ಮೇಲಿನ ಚಿನ್ನದ ಬಣ್ಣವೂ ಹೊಸದು. ಹಳೆಯ ಬಾಟಲಿಗೆ ಸುತ್ತಿದ ಲೇಸು, ಚಮ್ಕಿ, ಗ್ಲಿಟರ್ ಎಲ್ಲವೂ ಅಂಗಡಿಯದ್ದೇ. ಒಂದು ಖಾಲಿ ಬಾಟಲಿಯನ್ನು ಕಸದಿಂದ ಉಳಿಸಲು ಹತ್ತು ಹೊಸ ಸಾಮಾನು ಕೊಂಡ ಹಾಗಾಯಿತು. ಆ ಬಾಟಲಿಯೂ ಗುರುತು ಸಿಗದಷ್ಟು ಮುಚ್ಚಿಹೋಗಿರುತ್ತದೆ. ತೀರ್ಪುಗಾರರು ‘ಇದು ಬಾಟಲಿ ಅಂತ ಗೊತ್ತೇ ಆಗುವುದಿಲ್ಲ’ ಎಂದು ಹೊಗಳುತ್ತಾರೆ. ನನಗೆ ಆ ಹೊಗಳಿಕೆಯಲ್ಲೇ ತೊಡಕು ಕಾಣುತ್ತದೆ. ಹಿಂದಿನ ಬಾಳನ್ನು ಪೂರ್ತಿ ಅಳಿಸಿದ ಮೇಲೆ, ಅದು ಹಳೆಯ ವಸ್ತುವಿನಿಂದ ಆಯಿತು ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಇದು ಬರೀ ಅಭಿರುಚಿಯ ಪ್ರಶ್ನೆಯೂ ಅಲ್ಲ. ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿತ ವಸ್ತುಗಳ ಪಟ್ಟಿಯಲ್ಲಿದೆ. ಸಾಮಾನ್ಯ ಗ್ಲಿಟರ್ ಎಂದರೆ ಲೋಹದ ಲೇಪವಿರುವ ಪ್ಲಾಸ್ಟಿಕ್‌ನ ಪುಡಿ. ಐರೋಪ್ಯ ಒಕ್ಕೂಟ 2023ರ ಅಕ್ಟೋಬರ್‌ನಲ್ಲಿ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟವನ್ನೇ ನಿರ್ಬಂಧಿಸಿತು. ಬರೀ ಕಾಗದವಾದರೆ ಗೊಬ್ಬರದ ಗುಂಡಿಗೆ ಹೋದೀತು, ಇಲ್ಲವೆ ಮತ್ತೆ ಅರೆದು ಇನ್ನೊಂದು ಕಾಗದವಾದೀತು. ಅದೇ ಕಾಗದಕ್ಕೆ ಗ್ಲಿಟರ್ ಮೆತ್ತಿದರೆ ಎರಡು ದಾರಿಯೂ ಮುಚ್ಚಿತು. ಹಳ್ಳಿಯಲ್ಲಿ ಅದಕ್ಕೆ ಉಳಿಯುವುದು ಬೆಂಕಿ ಅಥವಾ ಹಳ್ಳ. ನಮ್ಮ ಕಡೆಯ ಹಳ್ಳಗಳ ನೀರು ಹೋಗಿ ಸೇರುವುದು ತುಂಗೆಯನ್ನೋ ಭದ್ರೆಯನ್ನೋ.

ಹಾಗಾದರೆ ಚೆನ್ನಾಗಿ ಮಾಡಿದ್ದು ಹೇಗಿರುತ್ತದೆ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಕನ್ನಡದಲ್ಲಿ ‘ಹಾಳೆ’ ಎಂಬ ಪದಕ್ಕೆ ಎರಡು ಅರ್ಥ. ಬರೆಯುವ ಕಾಗದವೂ ಹಾಳೆ, ಅಡಿಕೆ ಮರದಿಂದ ಕಳಚಿ ಬೀಳುವುದೂ ಹಾಳೆ. ಮಲೆನಾಡಿನವರಿಗೆ ಎರಡನೆಯದು ಹೆಚ್ಚು ಪರಿಚಿತ. ತೋಟದಲ್ಲಿ ಬಿದ್ದ ಹಾಳೆ ಟೊಪ್ಪಿಯಾಗುತ್ತಿತ್ತು, ಊಟದ ತಟ್ಟೆಯಾಗುತ್ತಿತ್ತು, ಮಕ್ಕಳು ಕೂತು ಎಳೆದಾಡುವ ಗಾಡಿಯಾಗುತ್ತಿತ್ತು. ಹಾಳೆಟೊಪ್ಪಿ ಹಾಕಿಕೊಂಡವರು ಯಾರೂ ತಾವು ಕಸದಿಂದ ರಸ ತೆಗೆದೆವು ಎಂದುಕೊಳ್ಳಲಿಲ್ಲ, ಏಕೆಂದರೆ ಹಾಳೆ ಅವರಿಗೆ ಕಸವೇ ಆಗಿರಲಿಲ್ಲ. ಬಳಕೆ ಮುಗಿಯುವವರೆಗೆ ಬಳಸಿ ಕೊನೆಗೆ ಅದನ್ನು ಬಚ್ಚಲ ಒಲೆಗೋ ಗೊಬ್ಬರದ ಗುಂಡಿಗೋ ಹಾಕುತ್ತಿದ್ದರು.

ಕಾಗದದ ಹಾಳೆಗೆ ಇನ್ನೊಂದು ಗೌರವವಿತ್ತು. ಅಕ್ಷರವಿರುವ ಕಾಗದ ಕಾಲಿಗೆ ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಅಭ್ಯಾಸ ಈಗಲೂ ಹೋಗಿಲ್ಲ. ಲಗ್ನಪತ್ರಿಕೆಗಳಂತೂ ಮನೆಗೆ ಒಂದು ಸಮಸ್ಯೆ. ಮೇಲೆ ಗಣಪತಿ, ಒಳಗೆ ಹಿರಿಯರ ಹೆಸರು. ಒಲೆಗೆ ಹಾಕಲು ಮನಸ್ಸು ಬಾರದು. ನಾಗಂದಿಗೆಯ ಮೇಲೆ ಕಟ್ಟು ಬೆಳೆಯುತ್ತಲೇ ಹೋಗುತ್ತದೆ. ಮನೆಯ ಹೆಂಗಸರ ಕಾಗದದ ಕೆಲಸ ಎಷ್ಟೋ ಸಲ ಈ ಹಿಂಜರಿಕೆಯಿಂದ ಹುಟ್ಟಿದೆ. ಎಸೆಯಲಾಗದ್ದನ್ನು ಏನು ಮಾಡಬೇಕು ಎಂಬುದು ಅವರಿಗೆ ಕಲೆಯ ಪ್ರಶ್ನೆಗಿಂತ ಮೊದಲು ಮನಸ್ಸಾಕ್ಷಿಯ ಪ್ರಶ್ನೆಯಾಗಿತ್ತು.

ನನ್ನ ದೊಡ್ಡಮ್ಮನ ಹತ್ತಿರ ಒಂದು ಕಾಗದದ ಬುಟ್ಟಿಯಿದೆ. ಅದನ್ನು ಮಾಡುವ ಕ್ರಮ ಕರ್ನಾಟಕದ ಅನೇಕ ಮನೆಗಳಿಗೆ ಗೊತ್ತಿರುವಂಥದ್ದೇ. ಹಳೆಯ ಪತ್ರಿಕೆಗಳನ್ನು ಹರಿದು ಮೂರು ನಾಲ್ಕು ದಿನ ನೀರಲ್ಲಿ ನೆನೆಸಬೇಕು, ನೀರು ಬದಲಿಸುತ್ತಿರಬೇಕು. ಮೆಂತ್ಯವನ್ನು ಬೇರೆಯಾಗಿ ನೆನೆಸಿ, ಹಿಂಡಿದ ಕಾಗದದ ಜೊತೆ ನುಣ್ಣಗೆ ರುಬ್ಬಬೇಕು. ಬೋಗುಣಿಯೊಂದನ್ನು ಮಗುಚಿ, ಮೇಲೆ ಒದ್ದೆ ಬಟ್ಟೆ ಹಾಸಿ, ರುಬ್ಬಿದ್ದನ್ನು ಒಂದೇ ದಪ್ಪಕ್ಕೆ ತಟ್ಟಿ ಒಣಗಿಸಿದರೆ ಬುಟ್ಟಿಯ ಆಕಾರ ಬರುತ್ತದೆ. ಮೆಂತ್ಯದ ಲೋಳೆ ಅಂಟಿನ ಕೆಲಸ ಮಾಡುತ್ತದೆ, ಅದರ ಕಹಿಗೆ ಹುಳ ಹತ್ತಿರ ಬರುವುದಿಲ್ಲ ಎಂಬುದು ಮನೆಯವರ ಮಾತು. ಹೊರಮೈಗೆ ದೊಡ್ಡಮ್ಮ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ರಂಗೋಲಿಯ ಎಳೆ ಎಳೆದಿದ್ದಾರೆ, ಅಂಚಿಗೆ ಹಳೆಯ ಸೀರೆಯ ಜರಿ ಸುತ್ತಿದ್ದಾರೆ. ಒಳಗೆ ಮಾತ್ರ ಬಣ್ಣವಿಲ್ಲ. ತಳಕ್ಕೆ ಲಗ್ನಪತ್ರಿಕೆಗಳ ತುಂಡುಗಳನ್ನು ಅಂಟಿಸಿ ಹಾಗೇ ಬಿಟ್ಟಿದ್ದಾರೆ. ಬಗ್ಗಿ ನೋಡಿದರೆ ಒಂದು ಕಡೆ ‘ಅಭಿಜಿನ್ ಲಗ್ನದಲ್ಲಿ’ ಎಂದಿದೆ, ಇನ್ನೊಂದು ಕಡೆ ಅರ್ಧ ಹೆಸರು, ಮತ್ತೊಂದು ಕಡೆ ‘ಉಡುಗೊರೆ’ ಎಂಬ ಪದ.

‘ಒಳಗೂ ಕೆಮ್ಮಣ್ಣು ಬಳಿಬಹುದಿತ್ತಲ್ಲ ದೊಡ್ಡಮ್ಮ?’ ಎಂದು ಕೇಳಿದ್ದೆ. ‘ಓದಕ್ಕೆ ಬರ್ತದಲ್ಲ ಮಾರಾಯ, ಮುಚ್ಚೋದು ಯಾಕೆ?’ ಎಂದರು.

ಸಾಹಿತ್ಯದ ವಿದ್ಯಾರ್ಥಿಗಳು ಆ ಮಾತಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು ಎನಿಸುತ್ತದೆ. ಬುಟ್ಟಿಯ ಹೊರಗೆ ಚಿತ್ರ, ಒಳಗೆ ಪಠ್ಯ. ಆ ಪಠ್ಯವೂ ತುಂಡುತುಂಡು, ಯಾವ ಮದುವೆಯೂ ಪೂರ್ತಿ ಇಲ್ಲ. ಆದರೆ ಮನೆಯವರಿಗೆ ಪ್ರತಿ ತುಂಡಿನ ಹಿಂದಿನ ಮದುವೆ ಗೊತ್ತು. ಆ ಹುಡುಗಿ ಈಗ ಎಲ್ಲಿದ್ದಾಳೆ, ಆ ಹೆಸರಿನ ಹಿರಿಯರು ತೀರಿಕೊಂಡು ಎಷ್ಟು ವರ್ಷವಾಯಿತು ಎಂದು ಹೇಳುತ್ತಾ ಹೋಗುತ್ತಾರೆ. ಹೊರಗಿನವರಿಗೆ ಅಲಂಕಾರವಾಗಿ ಕಾಣುವುದು ಮನೆಯವರಿಗೆ ನೆನಪಿನ ಪಟ್ಟಿ. ರಸ ಇಲ್ಲಿದೆ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಹಳೆಯ ವಸ್ತು ತನ್ನ ಹಿಂದಿನ ಮಾತನ್ನು ಬಿಟ್ಟುಕೊಡದೆ ಹೊಸ ಕೆಲಸಕ್ಕೆ ಬಂದಿದೆ, ಆ ಎರಡರ ನಡುವೆ ನೋಡುವವರ ಮನಸ್ಸು ಓಡಾಡುತ್ತದೆ.

ಜಗತ್ತಿನ ಕಲೆಯ ಚರಿತ್ರೆಯಲ್ಲೂ ಇದಕ್ಕೆ ಬಂಧುಗಳಿದ್ದಾರೆ. ಜರ್ಮನಿಯ ಹ್ಯಾನೋವರ್‌ನ ಕುರ್ಟ್ ಶ್ವಿಟರ್ಸ್ ಮೊದಲ ಮಹಾಯುದ್ಧ ಮುಗಿದ ಕಾಲದಲ್ಲಿ ಟ್ರಾಂ ಟಿಕೆಟ್, ಪೊಟ್ಟಣದ ಕಾಗದ, ಜಾಹೀರಾತಿನ ಚೂರುಗಳನ್ನು ಅಂಟಿಸಿ ಚಿತ್ರ ಮಾಡಿದ. 1919ರಲ್ಲಿ ಆ ಕೆಲಸಕ್ಕೆ ‘ಮೆರ್ಜ್’ ಎಂದು ಹೆಸರಿಟ್ಟ. ಅದು ವಾಣಿಜ್ಯ ಎಂಬ ಅರ್ಥದ ‘ಕೊಮರ್ಜ್’ ಎಂಬ ಪದದಿಂದ ಹರಿದುಬಂದ ತುಂಡು. ಶ್ವಿಟರ್ಸ್ ಟಿಕೆಟ್ಟಿನ ಮೇಲಿನ ಅಂಕಿಯನ್ನು ಮುಚ್ಚಲಿಲ್ಲ. ಚೂರಾದ ದೇಶವೊಂದನ್ನು ಚೂರುಗಳಲ್ಲೇ ಓದಿಸಿದ. ನಮ್ಮಲ್ಲಿ ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದಲ್ಲಿ ಪೂರ್ತಿ ಕಣ್ಣು ಕಳೆದುಕೊಂಡ ಮೇಲೆ ಕಾಗದ ಕತ್ತರಿಸಿ ಅಂಟಿಸುವ ಕೆಲಸಕ್ಕೆ ಹೊರಳಿದರು. ಕಾಗದವನ್ನು ಬೆರಳಿನಿಂದಲೂ ನೋಡಬಹುದು ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇನ್ನು ನಮ್ಮ ಮೈಸೂರು ಶೈಲಿಯ ಚಿತ್ರಗಳಿಗೆ ಬಳಸುತ್ತಿದ್ದ ರಟ್ಟನ್ನೂ ಕಾಗದದ ತಿರುಳಿನಿಂದ, ರದ್ದಿ ಕಾಗದದಿಂದ ಮಾಡಿ, ಬಿಸಿಲಿಗೆ ಒಣಗಿಸಿ, ನುಣುಪಾದ ಬೆಣಚುಕಲ್ಲಿನಿಂದ ಉಜ್ಜಿ ಹದ ಮಾಡುತ್ತಿದ್ದರು. ಆ ಚಿನ್ನದ ಹಾಳೆಯ ದೇವತೆಗಳ ಹಿಂದೆ ಹೀಗೆ ರದ್ದಿಯೂ ಇದೆ.

ಆದರೆ ದೊಡ್ಡಮ್ಮನ ಬುಟ್ಟಿಯನ್ನು ಶ್ವಿಟರ್ಸ್‌ನ ಪಕ್ಕದಲ್ಲಿಟ್ಟು ‘ಇದೂ ದೊಡ್ಡ ಕಲೆ’ ಎಂದು ಸರ್ಟಿಫಿಕೇಟು ಕೊಡುವುದು ನನಗೆ ಬೇಕಿಲ್ಲ. ಇದನ್ನು ಅಳೆಯಲು ಹತ್ತಿರದ ಕೋಲು ಇದೆ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ದೀವರ ಹೆಂಗಸರು ಭೂಮಿ ಹುಣ್ಣಿಮೆಗೆ ಬಿದಿರ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿಯ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚಕ್ಕೆ ಪುಂಡಿ ನಾರು. ಆ ಬೂಮಣ್ಣಿ ಬುಟ್ಟಿಯಲ್ಲಿ ಚರಗ ತುಂಬಿ ಗದ್ದೆಗೆ ಒಯ್ದು ಭೂಮಿಗೆ ಬಯಕೆ ತೀರಿಸುತ್ತಾರೆ. ಅಷ್ಟು ಸೂಕ್ಷ್ಮವಾಗಿ ಬರೆದದ್ದನ್ನು ಶೋಕೇಸಿನಲ್ಲಿ ಇಡುವುದಿಲ್ಲ, ಹೊತ್ತುಕೊಂಡು ಹೋಗುತ್ತಾರೆ. ಬಳಸಿ ಬಣ್ಣ ಮಾಸುತ್ತದೆ, ಹಬ್ಬ ಬಂದಾಗ ಮತ್ತೆ ಬರೆಯುತ್ತಾರೆ. ಕೈಯ ಪಾಠ ತಾಯಿಯಿಂದ ಮಗಳಿಗೆ ಹೋಗುವುದೇ ಹೀಗೆ ಮತ್ತೆ ಮತ್ತೆ ಬರೆಯುವುದರಿಂದ.

ಬಾಳಿಕೆಯ ಈ ಮಾತು ನಮ್ಮ ಕಡೆ ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಗುಂದದ ಮಳೆಯಲ್ಲಿ ಕಾಗದ ಕೈಗೆ ಮೆತ್ತಗೆ ಸಿಗುತ್ತದೆ. ಮೈದಾ ಅಂಟು ಹಾಕಿದ್ದಕ್ಕೆ ಬೂಷ್ಟು ಹಿಡಿಯುತ್ತದೆ, ಗೋಡೆಗೆ ತಾಗಿದ್ದಕ್ಕೆ ಒರಲೆ ಹತ್ತುತ್ತದೆ. ಬಯಲುಸೀಮೆಯವರೋ ವಿದೇಶದವರೋ ಮಾಡಿದ ವಿಡಿಯೋ ನೋಡಿ ಮಾಡಿದ್ದು ಇಲ್ಲಿ ಆಷಾಢ ದಾಟುವುದು ಕಷ್ಟ. ಪುಸ್ತಕ ಕಟ್ಟುವವರು ಅಂಟಿಗೆ ಚೂರು ಮೈಲುತುತ್ತ ಸೇರಿಸುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಮನೆಗಳಲ್ಲಿ ಅದು ಇದ್ದೇ ಇರುತ್ತದೆ, ಆದರೆ ವಿಷವಾದ್ದರಿಂದ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಮನೆಯವರು ಮೆಂತ್ಯಕ್ಕೆ ಹೋದರು, ಒಲೆಯ ಮೇಲಿನ ಅಟ್ಟದ ಬಿಸಿಗೆ ಹೋದರು, ಬೇಸಗೆಯಲ್ಲೇ ಕೆಲಸ ಮುಗಿಸಿದರು. ಊರಿನ ಹವೆಯನ್ನು ಬಲ್ಲ ಕೈಗೆ ಇದು ಸಹಜವಾಗಿ ಹೊಳೆಯುತ್ತದೆ. ಕೃತಿಯಲ್ಲಿ ಪ್ರಾದೇಶಿಕತೆ ಎಂದು ನಾವು ತರಗತಿಯಲ್ಲಿ ಹೇಳುವುದು ವಸ್ತುವಿನ ಮಟ್ಟದಲ್ಲಿ ಹೀಗಿರುತ್ತದೆ.

ಈಗ ಒಂದು ಆಕ್ಷೇಪವನ್ನು ಎದುರಿಸಬೇಕು. ಮಕ್ಕಳ ಖುಷಿಗೆ, ಹೆಂಗಸರ ನಾಲ್ಕು ಕಾಸಿನ ಸಂಪಾದನೆಗೆ ಇಷ್ಟೆಲ್ಲ ಕಟ್ಟುನಿಟ್ಟು ಬೇಕೇ? ಗ್ಲಿಟರ್ ಇದ್ದರೆ ಜಾತ್ರೆಯಲ್ಲಿ ಮಾರಾಟವಾಗುತ್ತದೆ, ಕೆಮ್ಮಣ್ಣಿನ ಬುಟ್ಟಿಯನ್ನು ಯಾರು ಕೊಳ್ಳುತ್ತಾರೆ? ಈ ಮಾತಿನಲ್ಲಿ ಸತ್ಯವಿದೆ. ಮಾರಲೆಂದು ಮಾಡುವವರು ಕೊಳ್ಳುವವರ ಕಣ್ಣನ್ನು ನೋಡಲೇಬೇಕು. ಆದರೆ ಕೊಳ್ಳುವವರ ಕಣ್ಣನ್ನು ತಿದ್ದುವ ಕೆಲಸ ಯಾರದ್ದು? ಕವಿತೆಯ ಓದುಗರನ್ನು ಬೆಳೆಸಲು ನಮ್ಮಲ್ಲಿ ಕಮ್ಮಟಗಳಿವೆ, ಪತ್ರಿಕೆಗಳಿವೆ, ಪಠ್ಯಗಳಿವೆ. ಕೈಕೆಲಸದ ನೋಡುಗರನ್ನು ಬೆಳೆಸಲು ಏನೂ ಇಲ್ಲ. 1937ರ ವಾರ್ಧಾ ಯೋಜನೆಯಲ್ಲಿ ಗಾಂಧೀಜಿ ಕೈಕೆಲಸವನ್ನು ಕಲಿಕೆಯ ನಡುಮಧ್ಯಕ್ಕೆ ತಂದರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯುಕ್ತ ಉತ್ಪಾದಕ ಕಾರ್ಯವೆಂದು ಅದಕ್ಕೆ ಶಾಲೆಯಲ್ಲಿ ಜಾಗ ಕೇಳಿತು. ಆ ಹಾದಿ ಸವೆದು ಸವೆದು ಈಗ ವರ್ಷಕ್ಕೊಂದು ಪ್ರದರ್ಶನದ ಮೇಜಿಗೆ ಬಂದು ನಿಂತಿದೆ.

ಇದರ ಹಿಂದೆ ಇನ್ನೊಂದು ಅಸಡ್ಡೆಯೂ ಇದೆ. ಗಂಡಸು ಕಲ್ಲು ಕೆತ್ತಿದರೆ ಶಿಲ್ಪಿ, ಹೆಂಗಸು ಕಾಗದದಲ್ಲಿ ಮಾಡಿದರೆ ‘ಹವ್ಯಾಸ’, ‘ಹೊತ್ತು ಕಳೆಯುವ ಕೆಲಸ’. ಅಡುಗೆ, ಕೊಟ್ಟಿಗೆ, ಅಡಿಕೆ ಸುಲಿಯುವ ಕೆಲಸ ಎಲ್ಲ ಮುಗಿಸಿ ಕೂತವರಿಗೆ ಕಳೆಯಲು ಹೊತ್ತಾದರೂ ಎಲ್ಲಿತ್ತು? ಹೊತ್ತಿಲ್ಲದ ಕಡೆ ಹೊತ್ತು ಮಾಡಿಕೊಂಡು ಮಾಡಿದ್ದನ್ನು ಬರೀ ‘ಚೆಂದ’ ಎಂದು ಬಿಡುವುದು ಹೊಗಳಿಕೆಯಂತೆ ಕಂಡರೂ ಒಳಗೆ ತಾತ್ಸಾರವೇ. ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ತಮ್ಮ ಮಲೆನಾಡಿನ ಕಾದಂಬರಿಗಳಲ್ಲಿ ಆಳು, ನಾಯಿ, ಕಾಡುದಾರಿ ಯಾವುದನ್ನೂ ಕಡೆಗಣಿಸಲಿಲ್ಲ. ಆ ಕಾದಂಬರಿಗಳನ್ನು ಮೆಚ್ಚಿ ಮಾತಾಡುವ ನಾವು ನಮ್ಮದೇ ನಾಗಂದಿಗೆಯ ಮೇಲಿನ ಬುಟ್ಟಿಯನ್ನು ತಿರುಗಿಸಿ ನೋಡಿಲ್ಲ.

ಹಾಗಾಗಿ ಮುಂದಿನ ಸಲ ಇಂಥ ಮೇಜಿನ ಮುಂದೆ ನಿಂತಾಗ ಕೇಳಬಹುದಾದ ಮೂರು ಪ್ರಶ್ನೆಗಳನ್ನು ಇಲ್ಲಿ ಇಡುತ್ತೇನೆ. ಇದರಲ್ಲಿ ಮನೆಯಿಂದ ಬಂದದ್ದೆಷ್ಟು, ಅಂಗಡಿಯಿಂದ ಬಂದದ್ದೆಷ್ಟು? ಹಳೆಯ ವಸ್ತು ಇನ್ನೂ ಮಾತಾಡುತ್ತಿದೆಯೇ, ಬಾಯಿ ಮುಚ್ಚಿಸಿದ್ದಾರೆಯೇ? ಕೆಲಸ ಮುಗಿದ ಮೇಲೆ ಇದು ಮಣ್ಣಿಗೆ ಹೋಗಬಲ್ಲದೇ? ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕಿದರೆ, ಎಷ್ಟೇ ಸೊಟ್ಟಗಿದ್ದರೂ ಆ ಮಗುವಿಗೆ ಬಹುಮಾನ ಕೊಡಿ. ಏಕೆ ಕೊಟ್ಟಿರಿ ಎಂಬುದನ್ನೂ ಎರಡು ವಾಕ್ಯದಲ್ಲಿ ಹೇಳಿ. ಆ ಎರಡು ವಾಕ್ಯಗಳೇ ಆ ಮಗುವಿಗೆ ಸಿಗುವ ಮೊದಲ ವಿಮರ್ಶೆ.